ಧಾರವಾಡ ಸೀಮೆಯ ಛಾಯಾಚಿತ್ರಗಳು: ಗುಡಿ ಮತ್ತು ಹೊಲ

ಕನ್ನಡ ನಾಡಿನ ಪ್ರಾಚೀನ ಶಿಲ್ಪವನ್ನು ಛಾಯಾಚಿತ್ರಗಳ ಮೂಲಕ ಹೊರಜಗತ್ತಿಗೆ ತೋರಿಸಿದ ಗ್ರಂಥಗಳಲ್ಲಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಮೊದಲ ಸಾಲಿನಲ್ಲಿ ನಿಲ್ಲತಕ್ಕುದು. ಬಿಗ್ಸ್, ಪಿಗೂ, ನೀಲ್ ಎಂಬ ಮೂವರು 1855ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರನು ಚಾರಿತ್ರಿಕ ವಿವರಣೆಯನ್ನೂ ಜೇಮ್ಸ್ ಫರ್ಗ್ಯುಸನ್ನನು ವಾಸ್ತುಶಿಲ್ಪದ ಟಿಪ್ಪಣಿಗಳನ್ನೂ ಬರೆದಿದ್ದಾರೆ. ಶಿಲ್ಪಾಭ್ಯಾಸಿಗಳಿಗೆ ಅದರಿಂದಾದ ಉಪಕಾರವನ್ನು ಪುನಃ ಹೇಳಬೇಕಾದುದಿಲ್ಲ. ಆ ಚಿತ್ರಗಳನ್ನು ಒಂದು ಸೀಮೆಯ ಬದುಕಿನ ದಾಖಲೆಯೆಂದು ಓದಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆ. ಓದಲಾಗದೆಂಬುದು ನಮ್ಮ ಅಭಿಪ್ರಾಯ.

ಚಿತ್ರಗಳನ್ನು ತೆಗೆದುದಕ್ಕೂ ಗ್ರಂಥ ಅಚ್ಚಾದುದಕ್ಕೂ ನಡುವೆ ಸುಮಾರು ಹತ್ತು ವರ್ಷಗಳ ಅಂತರವಿದೆ. ಆ ಹತ್ತು ವರ್ಷಗಳಲ್ಲಿ ಇಲ್ಲಿಯ ಎರೆಹೊಲಗಳು ಕಂಡ ಏರಿಳಿತ ಸಾಮಾನ್ಯವಾದುದಲ್ಲ. 1840ರ ದಶಕದಿಂದ ಅಮೇರಿಕದ ಹತ್ತಿಯ ತಳಿ ಧಾರವಾಡ ಸೀಮೆಯಲ್ಲಿ ಬೇರೂರತೊಡಗಿತ್ತು. 1861ರಲ್ಲಿ ಅಮೇರಿಕದ ಅಂತರ್ಯುದ್ಧ ಮೊದಲಾಗಲು ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಲು ಅಷ್ಟೇ ವೇಗದಿಂದ ಬಿದ್ದಿತು. ಆ ವ್ಯಾಪಾರದಲ್ಲಿ ಅಪಾರ ಹಣ ಗಳಿಸಿ, ಕೊನೆಗೆ ಕಳೆದುಕೊಂಡ ಮುಂಬಯಿಯ ವರ್ತಕ ಪ್ರೇಮಚಂದ ರಾಯಚಂದನು ಈ ಗ್ರಂಥಮಾಲೆಗೆ ಧನಸಹಾಯ ಮಾಡಿದವರಲ್ಲೊಬ್ಬ. ಹತ್ತಿಯ ಹಣದ ನೆರವಿನಿಂದ ಬೆಳಕು ಕಂಡ ಪುಸ್ತಕದಲ್ಲಿ ಹತ್ತಿ ಬಿಡಿಸುವ ಕೈಗಳಿಗೆ ಎಡೆ ದೊರೆಯಲಿಲ್ಲ!

ಅಂದಿನ ಕ್ಯಾಮರಾ ಚಲಿಸುವ ವಸ್ತುವನ್ನು ಹಿಡಿಯಲಾರದಾಗಿತ್ತು, ಗುಡಿ ಮಾತ್ರ ಅಲುಗದೆ ನಿಲ್ಲುತ್ತಿತ್ತು ಎಂಬ ಸಮಾಧಾನವುಂಟು. ಅದು ನ್ಯಾಯವಾದ ಮಾತೇ. ಆದರೆ ಕೆಲವು ಚಿತ್ರಗಳಲ್ಲಿ ಕಂಬದ ಪಕ್ಕದಲ್ಲಿ ಮನುಷ್ಯನೊಬ್ಬನನ್ನು ನಿಲ್ಲಿಸಿರುವುದನ್ನು ನೋಡಿದರೆ, ನಿಲ್ಲೆಂದಾಗ ನಿಲ್ಲುವ ಜನರಿದ್ದರೆಂಬುದು ಸ್ಪಷ್ಟವಾಗುತ್ತದೆ. ಅವನು ಅಲ್ಲಿ ಕಂಬದ ಎತ್ತರವನ್ನು ತೋರಿಸುವ ಅಳತೆಗೋಲು. ಮುಂದೆ ಹೆನ್ರಿ ಕಸಿನ್ಸನ ಚಾಲುಕ್ಯ ಶಿಲ್ಪಗ್ರಂಥ 1926ರಲ್ಲಿ ಹೊರಬಂದಾಗ ಕ್ಯಾಮರಾದ ಶಕ್ತಿ ಬಹಳ ಹೆಚ್ಚಿತ್ತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಅರವತ್ತು ಕಂಬದ ಗುಡಿ ಅದರಲ್ಲಿ ಸೊಗಸಾಗಿ ಮೂಡಿವೆ. ದೃಷ್ಟಿ ಮಾತ್ರ ಹಳೆಯದೇ.

ಗುಡಿಯನ್ನರಸಿ ಬಂದ ಈ ಕ್ಯಾಮರಾಕ್ಕೆ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂತಹ ಊರಿನ ಒಕ್ಕಲುತನದ ಮುಂದೆ ನಿಲ್ಲಲು ಕಾರಣವಿರಲಿಲ್ಲ. ನಷ್ಟವಾದುದು ಇಲ್ಲಿಯೇ. ಜೋಳ ತುಂಬುತ್ತಿದ್ದ ಹಗೇವು, ಎತ್ತುಗಳು ತುಳಿಯುತ್ತಿದ್ದ ಕಣ, ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದ ಹೆಣ್ಣುಮಕ್ಕಳು, ಮಾಳಿಗೆಯ ಮನೆ ಇವೆಲ್ಲ ಈ ಸೀಮೆಯಲ್ಲಿ ಯಾವ ಯಾವ ದಶಕದಲ್ಲಿ ಹಿಂಜರಿದವು ಎಂಬುದನ್ನು ಚಿತ್ರದಿಂದ ಹೇಳುವುದು ಕಷ್ಟ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಈಗ ಗೋವಿನಜೋಳವೇ ಮುಖ್ಯ ಬೆಳೆ. ಸುಗ್ಗಿಯಲ್ಲಿ ಅದರ ರಾಶಿ ಡಾಂಬರು ರಸ್ತೆಯ ಮೇಲೆ ಒಣಗುತ್ತಿರುತ್ತದೆ. ರಸ್ತೆಯೇ ಕಣವಾದ ಈ ಮಾರ್ಪಾಡು ಯಾವ ಶಿಲ್ಪಗ್ರಂಥದ ವಸ್ತುವೂ ಆಗಲಾರದು.

ಇದೇ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ ಈ ಕೊರತೆಯನ್ನು ಬೇರೊಂದು ಬಗೆಯಲ್ಲಿ ತುಂಬಿದೆ. ಹಳ್ಳಿಯ ಕಸುಬುಗಳೆಲ್ಲ ಅಲ್ಲಿ ಆಳೆತ್ತರದ ಪ್ರತಿಮೆಗಳಾಗಿ ನಿಂತಿವೆ. ನೋಡಿದವರು ಮೆಚ್ಚದಿರಲಾರರು, ನಾವೂ ಮೆಚ್ಚಿದ್ದೇವೆ. ಆದರೂ ಇತಿಹಾಸದ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು: ಪ್ರತಿಮೆಗೆ ತಾರೀಖಿಲ್ಲ. ಆ ಹಳ್ಳಿ ಎಲ್ಲ ಕಾಲದ ಹಳ್ಳಿ. ಬದಲಾಗುತ್ತಿರುವ ಹಳ್ಳಿಯನ್ನು ಹಿಡಿಯಲು ಒಂದೇ ಎಡೆಗೆ ಮತ್ತೆ ಮತ್ತೆ ಹೋಗುವ ಕಣ್ಣು ಬೇಕು. ಇಂಗ್ಲೆಂಡಿನ ಡೆವನ್ ಕೌಂಟಿಯ ಉತ್ತರ ಭಾಗದಲ್ಲಿ ಜೇಮ್ಸ್ ರ್ಯಾವಿಲಿಯಸ್ ಎಂಬಾತನು 1972ರಿಂದ 17 ವರ್ಷಗಳ ಕಾಲ ಮಾಡಿದುದು ಈ ಕೆಲಸವನ್ನೇ. ತಾನು ನೆಲೆಸಿದ ಸೀಮೆಯ ರೈತರನ್ನೂ ಕುರಿಗಳನ್ನೂ ಕೆಸರು ಹಾದಿಗಳನ್ನೂ ಅವನು ಬಿಡದೆ ಚಿತ್ರಿಸಿದನು. ಅವನ ಚಿತ್ರಗಳಲ್ಲಿ ಮನುಷ್ಯನು ಅಳತೆಗೋಲಲ್ಲ.

ಅಂತಹ ಕೆಲಸಕ್ಕೆ ಇಂದು ಹೆಚ್ಚಿನ ವೆಚ್ಚವಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿಯೇ ಕ್ಯಾಮರಾ ಇದೆ. ನಮ್ಮ ವಿಭಾಗವು ಹಿರೇಬೆಂಡಿಗೇರಿಯಿಂದ ಇದನ್ನು ಆರಂಭಿಸಬಹುದೆಂದು ಸೂಚಿಸುತ್ತೇವೆ. ಊರ ಅಗಸಿ, ಕೆರೆಯ ದಂಡೆ, ಆಯ್ದ ಹತ್ತು ಹೊಲಗಳು, ಹತ್ತು ಮನೆಗಳ ಪಡಸಾಲೆ. ವರ್ಷಕ್ಕೆ ಎರಡು ಸಲ, ಬಿತ್ತನೆಯಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ, ನಿಂತ ಜಾಗದಲ್ಲಿಯೇ ನಿಂತು. ಪ್ರತಿಯೊಂದು ಚಿತ್ರದ ಜೊತೆಗೆ ತಾರೀಖು, ಹೊಲದ ಸರ್ವೆ ನಂಬರು, ಅಂದಿನ ಬೆಳೆ ಮತ್ತು ಅದರ ಪೇಟೆಯ ದರ, ಹಾಗೂ ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರು ಬರೆದಿರತಕ್ಕದ್ದು.