ಹಸುರು ಎಂಬ ಒಂದೇ ಮಾತು

ಕಳೆದ ನವರಾತ್ರಿಯ ರಜೆಯಲ್ಲಿ ಸಂಡೂರು ತಾಲ್ಲೂಕಿನ ಚೋರನೂರಿಗೆ ಹೋಗುವ ಸಂದರ್ಭವೊದಗಿತು. ಕೈಚೀಲದಲ್ಲಿ ಕುವೆಂಪು ಅವರ ‘ಪಕ್ಷಿಕಾಶಿ’ (೧೯೪೬) ಇತ್ತು. ರಜೆ ಮುಗಿದೊಡನೆ ಅದರೊಳಗಿನ ‘ಹಸುರು’ ಕವಿತೆಯನ್ನು ತರಗತಿಯಲ್ಲಿ ಪಾಠ ಹೇಳಬೇಕಾಗಿತ್ತು. ಮಲೆನಾಡಿನ ಆಶ್ವಯುಜವನ್ನು ಹಾಡಿದ ಕವಿತೆಯನ್ನು ಬಯಲುಸೀಮೆಯ ಆಶ್ವಯುಜದಲ್ಲಿ ಕುಳಿತು ಓದುವುದು ಒಂದು ಪರೀಕ್ಷೆಯೇ ಸರಿ. ಪರೀಕ್ಷೆ ಓದುಗನಿಗೆಂಬುದು ಆಮೇಲೆ ತಿಳಿಯಿತು.

ಈ ಕವಿತೆಯನ್ನು ಕುರಿತು ರೂಢಿಯಾಗಿರುವ ಮಾತೊಂದುಂಟು: ಕವಿ ಪ್ರಕೃತಿಯಲ್ಲಿ ಲೀನವಾದನು, ಎಲ್ಲವೂ ಒಂದೇ ಬಣ್ಣವಾಯಿತು ಎಂದು. ಮಾತು ಸುಳ್ಳಲ್ಲ. ಬಾನು, ಮುಗಿಲು, ಬಿಸಿಲು ಎಲ್ಲಕ್ಕೂ ಕವಿ ಮೊದಲಿಗೇ ಹಸುರೆಂಬ ಒಂದೇ ಹೆಸರನ್ನಿಡುತ್ತಾರೆ. ಕೊನೆಗೆ ಮೈಯ ನೆತ್ತರೂ ಹಸುರಾಗುತ್ತದೆ. ಆದರೆ ನಡುವೆ ನಡೆಯುವುದನ್ನು ಗಮನಿಸುವವರು ವಿರಳ. ಭತ್ತದ ಗದ್ದೆಗೆ ಗಿಳಿಯ ಎದೆಯನ್ನು ಹೋಲಿಸುತ್ತಾರೆ. ಅದರ ಮಗ್ಗುಲಿಗೆ ಗೊನೆಬಿಟ್ಟ ಅಡಕೆಯ ತೋಟವನ್ನಿರಿಸುತ್ತಾರೆ. ಹುಲ್ಲನ್ನು ಮಕಮಲ್ಲಿನ ಹಾಸಾಗಿ ಕಾಣುತ್ತಾರೆ. ಮೂರೂ ಹಸುರೇ, ಮೂರೂ ಬೇರೆ. ಕಂಪು, ತಂಪು, ಹಕ್ಕಿಯ ದನಿ ಇವು ಕೂಡ ಹಸುರಾಗುವುದು ಅದಾದ ಮೇಲೆಯೇ. ಬೇರೆಬೇರೆಯಾಗಿ ಕಂಡ ಕಣ್ಣಿಗೇ ಒಂದೆಂದು ಹೇಳುವ ಅಧಿಕಾರ.

ಅನುಕರಿಸಿದವರು ಈ ನಡುವಣ ದುಡಿಮೆಯನ್ನು ಬಿಟ್ಟು, ಕೊನೆಯ ಆವೇಶವನ್ನಷ್ಟೇ ಎತ್ತಿಕೊಂಡರು. ಭೂದೇವಿ ಹಸುರು ಸೀರೆಯುಟ್ಟಳೆಂದು ಬರೆದು ಕೈತೊಳೆದುಕೊಂಡ ಪದ್ಯಗಳಿಗೆ ನಮ್ಮಲ್ಲಿ ಲೆಕ್ಕವಿಲ್ಲ. ಯಾವ ಹಸುರು ಸೀರೆ? ಜವಳಿ ಅಂಗಡಿಗೆ ಹೋದ ನಮ್ಮ ಮನೆಯ ಹೆಂಗಸರು ಗಿಳಿಹಸುರು, ಪಾಚಿಹಸುರು, ಎಲೆಹಸುರು, ಮೆಹೆಂದಿ ಬಣ್ಣ ಎಂದು ವಿಂಗಡಿಸದೆ ಸೆರಗನ್ನು ಮುಟ್ಟಿಯೂ ನೋಡುವುದಿಲ್ಲ. ಕವಿಗೆ ಅಷ್ಟಾದರೂ ಚೌಕಾಸಿ ಬೇಡವೆ?

ಹೀಗೆ ಇತರರನ್ನು ಆಕ್ಷೇಪಿಸುವ ನಾನು ಚೋರನೂರಿನ ಹೊಲದ ಬದುವಿನ ಮೇಲೆ ಸಿಕ್ಕಿಬಿದ್ದೆ. ಕೆಂಪು ನೆಲದ ಮೇಲೆ ಹಸುರು ಎದ್ದು ಕಾಣುತ್ತದೆ. ಜೋಳದ ಗರಿಯಲ್ಲಿ ಬೂದಿ ಬೆರೆತಂತಿತ್ತು. ಕತ್ತಾಳೆಯಲ್ಲಿ ನೀಲಿಯ ಛಾಯೆ. ಜಾಲಿ ಮಂಕು, ಬೇವು ಹೊಳಪು. ಶೇಂಗಾದ ಒಂದು ಪಟ್ಟಿ ಮಾತ್ರ ಉಳಿದುದಕ್ಕಿಂತ ಕಪ್ಪಾಗಿ, ಗಾಢವಾಗಿತ್ತು. ಎಂಥ ಸಮೃದ್ಧಿ ಎಂದು ನಾನು ಉದ್ಗರಿಸಿದೆ. ಜೊತೆಗಿದ್ದ ಹಿರಿಯ ರೈತರು ನಕ್ಕುಬಿಟ್ಟರು. ಶೇಂಗಾ ಬಾಯಾರಿದಾಗ ಎಲೆ ಹಾಗೆ ಕಪ್ಪಿಡುತ್ತದೆಯಂತೆ. ಮೇಲ್ಮಣ್ಣು ತೆಳುವಾದ ಕಡೆ ಮೊದಲು ಹಾಗಾಗುವುದಂತೆ. ಪಕ್ಕದ ಮೆಕ್ಕೆಜೋಳದ ಕೆಳಗಿನ ಎಲೆಗಳಲ್ಲಿ ತುದಿಯಿಂದ ಇಳಿದಿದ್ದ ಹಳದಿಯನ್ನು ತೋರಿಸಿ, ಅಲ್ಲಿ ಗೊಬ್ಬರ ಸಾಲದೆಂದರು. ನಾನು ಅಲಂಕಾರವೆಂದು ಓದಿದ್ದನ್ನು ಅವರು ಅರ್ಥವೆಂದು ಓದಿದರು. ಛಾಯೆಯೊಂದನ್ನು ತಪ್ಪಿ ಓದಿದರೆ ನನಗೆ ಹೋಗುವುದು ಒಂದು ವಿಶೇಷಣ. ಅವರಿಗೆ ಹೋಗುವುದು ಬೆಳೆ.

ಇದೇ ತಾಲ್ಲೂಕಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. ಸುಪ್ರೀಂ ಕೋರ್ಟು ೨೦೧೧ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ಮುನ್ನಿನ ವರ್ಷಗಳಲ್ಲಿ, ಸಂಡೂರು–ಹೊಸಪೇಟೆ ದಾರಿಯಲ್ಲಿ ಅದಿರಿನ ಲಾರಿಗಳ ಸಾಲನ್ನು ಕಂಡವರು ಆ ದಾರಿಯ ಮರಗಳನ್ನು ಮರೆತಿರಲಾರರು. ಬೇವು, ಹುಣಸೆ, ಜಾಲಿ ಎಂಬ ಭೇದವಿಲ್ಲದೆ ಎಲೆಯೆಲ್ಲ ಒಂದೇ ಕೆಂಪು. ಆ ಧೂಳು ಮರಗಳಿಗೆ ಮಾಡಿದ್ದನ್ನೇ ಸೋಮಾರಿ ವಿಶೇಷಣವು ಭಾಷೆಗೆ ಮಾಡುತ್ತದೆ. ೨೦೧೩ರಲ್ಲಿ ಕೋರ್ಟು ನಿರ್ಬಂಧಗಳೊಡನೆ ಗಣಿಗಳಿಗೆ ಮತ್ತೆ ಅನುಮತಿಯಿತ್ತಿತು. ಬೆಟ್ಟದ ಹಸುರು ಉಳಿಯಿತೇ, ಹೋಯಿತೇ ಎಂದು ಯಾರಾದರೂ ಕೇಳಿದಾಗ, ಯಾವ ಹಸುರು ಎಂದು ಮರುಪ್ರಶ್ನೆ ಹಾಕಬಲ್ಲ ಕಣ್ಣು ಬೇಕು. ಕಾಡು ಕಡಿದ ಜಾಗದಲ್ಲಿ ನೆಟ್ಟ ಒಂದೇ ಜಾತಿಯ ಸಸಿಗಳೂ ದೂರಕ್ಕೆ ಹಸುರಾಗಿಯೇ ಕಾಣುವುವಷ್ಟೆ.

ರಜೆ ಮುಗಿದು ತರಗತಿಗೆ ಮರಳಿದಾಗ ಪಾಠದ ಕ್ರಮವನ್ನು ಬದಲಿಸಿದೆ. ಅದ್ವೈತದ ಮಾತನ್ನು ಬದಿಗಿಟ್ಟು, ಮನೆಯಿಂದ ಕಾಲೇಜಿನವರೆಗೆ ಕಂಡ ಹಸುರುಗಳನ್ನು, ‘ಹಸುರು’ ಎಂಬ ಪದವನ್ನು ಬಳಸದೆ, ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದೆ. ಮರುದಿನ ಹೆಚ್ಚಿನವರು ನಾಲ್ಕು ಸಾಲಿಗೇ ನಿಂತಿದ್ದರು. ಕವಿತೆಯನ್ನು ಅಂದು ಓದಿದಾಗ ಆ ಗಿಳಿಯ ಎದೆ ಅವರಿಗೆ ಕಂಡಿತು.