ಕೂಡಿದ್ದೆಲ್ಲ ಹೊಂದುವುದಿಲ್ಲ
ಕಾರಿನ ಪಿಸಿವಿ ಕವಾಟದ ಆಯ್ಕೆ: ಒಂದು ವಿಮರ್ಶೆ

ನಾಲ್ಕು ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನು ನೀವು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿರುತ್ತೀರಿ. ಇಲ್ಲವೇ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿರುತ್ತೀರಿ. ಮೇಲೆ ಎರಡು ಕವಾಟ, ನಡುವೆ ಪಿಸ್ಟನ್, ಕೆಳಗೆ ಕ್ರ್ಯಾಂಕ್ ದಂಡ. ಈ ದಂಡ ತಿರುಗುವ ಕೋಣೆಯೇ ಕ್ರ್ಯಾಂಕ್‌ಕೇಸ್. ಚಿತ್ರದಲ್ಲಿ ಈ ಕೋಣೆಗೆ ಒಂದು ಕಿಂಡಿಯೂ ಇರುವುದಿಲ್ಲ. ಅಲ್ಲಿ ಅನಿಲದ ಕೆಲಸವೇ ಇಲ್ಲ ಎಂಬಂತೆ! ಬಿಡಿಭಾಗಗಳ ಅಂಗಡಿಯಲ್ಲಿ ನಾವು ಮಾಡುವ ಒಂದು ತಪ್ಪಿಗೆ ಈ ಲೋಪವೂ ಕಾರಣವೆಂದು ನನ್ನ ಅನಿಸಿಕೆ.

ಪಿಸ್ಟನ್ನಿನ ಉಂಗುರಗಳು ಎಷ್ಟೇ ಬಿಗಿಯಾಗಿದ್ದರೂ ಸಂಪೀಡನ ಮತ್ತು ದಹನದ ವೇಳೆ ಸ್ವಲ್ಪ ಅನಿಲ ಅವುಗಳ ಪಕ್ಕದಿಂದ ನುಸುಳಿ ಕೆಳಗಿಳಿಯುತ್ತದೆ. ಇದಕ್ಕೆ ‘ಬ್ಲೋ-ಬೈ’ ಎನ್ನುತ್ತಾರೆ. ಅದರಲ್ಲಿ ಉರಿಯದ ಪೆಟ್ರೋಲ್ ಆವಿ, ನೀರಾವಿ, ಆಮ್ಲಕಾರಕ ಆಕ್ಸೈಡುಗಳು ಇರುತ್ತವೆ. ಅವನ್ನು ಹೊರಗೆಳೆಯದಿದ್ದರೆ ಎಣ್ಣೆ ಕೆಸರಾಗುತ್ತದೆ, ಒತ್ತಡ ಏರಿ ಎಣ್ಣೆಯ ಸೀಲುಗಳು ಸೋರುತ್ತವೆ. ಹಿಂದೆ ಒಂದು ಕೊಳವೆಯ ಮೂಲಕ ಈ ಅನಿಲವನ್ನು ನೇರವಾಗಿ ರಸ್ತೆಗೆ ಬಿಡುತ್ತಿದ್ದರು. 1950ರ ದಶಕದಲ್ಲಿ ಲಾಸ್ ಏಂಜಲೀಸ್ ನಗರದ ಹೊಗೆಮಂಜಿಗೆ ಹೈಡ್ರೋಕಾರ್ಬನ್‌ಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸುವುದೇ ಕಾರಣವೆಂದು ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ನಿಯಂತ್ರಣವಿಲ್ಲದ ಕಾರೊಂದು ಹೊರಹಾಕುವ ಹೈಡ್ರೋಕಾರ್ಬನ್‌ನಲ್ಲಿ ಸುಮಾರು ಐದನೆಯ ಒಂದು ಪಾಲು ಈ ಕೊಳವೆಯದೇ ಆಗಿತ್ತು. 1961ರಲ್ಲಿ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೆ, 1963ರ ವೇಳೆಗೆ ಅಮೆರಿಕದ ಇತರೆಡೆಯ ಕಾರುಗಳಿಗೂ ಪಿಸಿವಿ ಕವಾಟ ಬಂತು. ಅನಿಲವನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಸುಡುವ ಏರ್ಪಾಡು ಇದು.

ಈಗ ಅಂಗಡಿಗೆ ಹೋಗೋಣ. ಹಳೆಯ ಕವಾಟವನ್ನು ಮೇಜಿನ ಮೇಲಿಟ್ಟರೆ, ಅದೇ ಉದ್ದದ, ಅದೇ ಮೂತಿಯ ಇನ್ನೊಂದು ಬರುತ್ತದೆ. ಅಲುಗಾಡಿಸಿದರೆ ‘ಟಕ್ ಟಕ್’ ಎನ್ನುತ್ತದೆ. ಹೋಸಿಗೆ ಕೂಡುತ್ತದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು! ಕೈಗಡಿಯಾರವನ್ನು ಕಿವಿಗೆ ಹಿಡಿದು, ಸದ್ದು ಕೇಳಿಸಿತು, ಆದ್ದರಿಂದ ಸಮಯ ಸರಿಯಿದೆ ಎಂದ ಹಾಗಾಯಿತು. ಒಳಗಿನ ಬೆಣೆ ಅಂಟಿಕೊಂಡಿಲ್ಲ ಎಂಬುದನ್ನಷ್ಟೇ ಸದ್ದು ಹೇಳುತ್ತದೆ. ಎಷ್ಟು ಹೀರಿಕೆಗೆ ಎಷ್ಟು ಅನಿಲ ಬಿಡುತ್ತದೆ ಎಂಬುದನ್ನು ಅದು ಹೇಳಲಾರದು. ಕವಾಟದ ಗುಣವೆಲ್ಲ ಇರುವುದು ಅಲ್ಲೇ.

ಏಕೆ, ನೋಡಿ. ಪೆಟ್ರೋಲ್ ಎಂಜಿನ್ ಐಡ್ಲಿಂಗ್ ಸ್ಥಿತಿಯಲ್ಲಿದ್ದಾಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಒಳಸೇರುವ ನಳಿಕೆಯಲ್ಲಿ ಒತ್ತಡ ವಾತಾವರಣಕ್ಕಿಂತ ಸುಮಾರು 60 ಕಿಲೋಪಾಸ್ಕಲ್ ಕಡಿಮೆ. ನೀರಿನ ಕಂಬದ ಲೆಕ್ಕದಲ್ಲಿ ಇದು ಸುಮಾರು 6 ಮೀಟರ್! ಅದೇ ಕ್ರ್ಯಾಂಕ್‌ಕೇಸಿಗೆ ಬೇಕಾದದ್ದು ಹಲವು ಎಂಜಿನ್‌ಗಳಲ್ಲಿ ಕೆಲವೇ ಸೆಂಟಿಮೀಟರಿನಷ್ಟು ಹೀರಿಕೆ. ಇವೆರಡರ ನಡುವೆ ನಿಂತಿರುವುದು ಹೆಬ್ಬೆರಳ ಗಾತ್ರದ ಆ ಕವಾಟ. ಇನ್ನೂ ಒಂದು ತೊಡಕಿದೆ. ಐಡ್ಲಿಂಗ್‌ನಲ್ಲಿ ಹೀರಿಕೆ ಹೆಚ್ಚು, ಬ್ಲೋ-ಬೈ ಕಡಿಮೆ. ಏರುದಾರಿಯಲ್ಲಿ ಪೆಡಲನ್ನು ಪೂರ್ತಿ ಒತ್ತಿದಾಗ ಬ್ಲೋ-ಬೈ ಹೆಚ್ಚು, ಹೀರಿಕೆ ಹೆಚ್ಚುಕಡಿಮೆ ಸೊನ್ನೆ. ಬರಿಯ ಒಂದು ರಂಧ್ರವನ್ನು ಇಟ್ಟರೆ ಬೇಡದಾಗ ಧಾರಾಳ, ಬೇಕಾದಾಗ ಜಿಪುಣ. ಆದ್ದರಿಂದಲೇ ಸ್ಪ್ರಿಂಗ್ ಮತ್ತು ಮೊನಚು ಬೆಣೆ. ಹೀರಿಕೆ ಹೆಚ್ಚಾದರೆ ಬೆಣೆ ಮುಂದೆ ಸರಿದು ದಾರಿಯನ್ನು ಕಿರಿದು ಮಾಡುತ್ತದೆ, ಕಡಿಮೆಯಾದರೆ ಸ್ಪ್ರಿಂಗ್ ಅದನ್ನು ಹಿಂದೆ ತಳ್ಳಿ ದಾರಿ ತೆರೆಯುತ್ತದೆ. ನಳಿಕೆಯಲ್ಲಿ ಬೆಂಕಿ ಹಿಮ್ಮರಳಿದರೆ ಪೂರ್ತಿ ಮುಚ್ಚಿ ಕ್ರ್ಯಾಂಕ್‌ಕೇಸನ್ನು ಕಾಪಾಡುತ್ತದೆ.

ಹೊರಕವಚ ಒಂದೇ ಇದ್ದು ಒಳಗಿನ ಸ್ಪ್ರಿಂಗ್ ಬೇರೆಯಾದರೆ ಇಡೀ ಲೆಕ್ಕವೇ ಬೇರೆ. 2 ಮಿಲಿಮೀಟರ್ ರಂಧ್ರಕ್ಕಿಂತ 3 ಮಿಲಿಮೀಟರ್ ರಂಧ್ರದ ವಿಸ್ತೀರ್ಣ ಎರಡೂಕಾಲು ಪಟ್ಟು; ಹೊರಗಿನಿಂದ ನೋಡಿ ಇದನ್ನು ಯಾರು ಹೇಳಬಲ್ಲರು? ದೊಡ್ಡ ಎಂಜಿನ್ನಿನ ಕವಾಟವನ್ನು ಚಿಕ್ಕದಕ್ಕೆ ಹಾಕಿದರೆ ಐಡ್ಲಿಂಗ್ ಏರುಪೇರಾಗಬಹುದು, ಎಣ್ಣೆಯ ಮಂಜು ಹೆಚ್ಚಾಗಿ ಸೆಳೆಯಲ್ಪಟ್ಟು ಎಣ್ಣೆ ಖರ್ಚಾಗಬಹುದು. ಇದಕ್ಕೆ ಉಲ್ಟಾ ಮಾಡಿದರೆ ಸೀಲುಗಳ ಸೋರಿಕೆ. ಆಗ ಸಾಮಾನ್ಯವಾಗಿ ಬೈಗುಳ ತಿನ್ನುವುದು ಸೀಲು, ಕವಾಟವಲ್ಲ.

‘ಪಾರ್ಟ್ ನಂಬರ್ ಎಂಬುದು ಕಂಪನಿಯವರು ದುಡ್ಡು ಮಾಡುವ ಉಪಾಯ’ ಎನ್ನುವವರಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಬೇರೆ ತಯಾರಕರ ಕವಾಟವೂ ನಡೆಯುತ್ತದೆ. ಆದರೆ ಅದನ್ನು ನಿಮ್ಮ ಎಂಜಿನ್ನಿನ ಕೋಡ್‌ಗೆಂದೇ ಪಟ್ಟಿ ಮಾಡಿರಬೇಕು. ಕಾರಿನ ಹೆಸರೊಂದೇ ಸಾಲದು, ಒಂದೇ ಹೆಸರಿನಲ್ಲಿ ಪೆಟ್ರೋಲ್, ಡೀಸೆಲ್, ಟರ್ಬೊ ಮೂರೂ ಇರಬಹುದು. ಟರ್ಬೊ ಎಂಜಿನ್ನಿನ ನಳಿಕೆಯಲ್ಲಿ ಕೆಲವೊಮ್ಮೆ ಒತ್ತಡ ವಾತಾವರಣವನ್ನೂ ಮೀರುತ್ತದೆ. ಹಿಮ್ಮುಖ ಹರಿವನ್ನು ತಡೆಯದ ಕವಾಟ ಹಾಕಿದರೆ ಆ ಒತ್ತಡ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಸಾಂಪ್ರದಾಯಿಕ ಡೀಸೆಲ್‌ನಲ್ಲಿ ಥ್ರಾಟಲ್‌ನ ಹೀರಿಕೆಯೇ ಇಲ್ಲ, ಅಲ್ಲಿನ ಏರ್ಪಾಡೇ ಬೇರೆ.

ಹೋಸಿನ ವಿಷಯದಲ್ಲೂ ಇದೇ ಉಡಾಫೆ. ನೀರಿಗೆಂದು ಮಾಡಿದ ರಬ್ಬರ್ ಹೋಸು ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಹೀರಿಕೆಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಆಮೇಲೆ ಕವಾಟ ಎಷ್ಟು ಸರಿಯಿದ್ದರೇನು! ಎಣ್ಣೆಗೂ ಪೆಟ್ರೋಲ್ ಆವಿಗೂ ತಡೆಯುವ ಹೋಸೇ ಬೇಕು. ಕವಾಟ ಕೂರುವ ರಬ್ಬರ್ ಬಳೆ ಗಟ್ಟಿಯಾಗಿದ್ದರೆ ಅದನ್ನೂ ಬದಲಾಯಿಸಿ.

ಕೆಲವರು ಇಡೀ ಗೊಡವೆಯೇ ಬೇಡವೆಂದು ಹೋಸನ್ನು ಕಳಚಿ ಹೊರಕ್ಕೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಿದರೆ 1950ರ ರಸ್ತೆಗೇ ಮರಳಿದಂತೆ. ಭಾರತ್ ಸ್ಟೇಜ್ ನಿಯಮಗಳ ಪ್ರಕಾರ ಹೊಸ ಪೆಟ್ರೋಲ್ ಕಾರಿನ ಮಾದರಿಗೆ ಮಾನ್ಯತೆ ಸಿಗಬೇಕಾದರೆ ಕ್ರ್ಯಾಂಕ್‌ಕೇಸಿನ ಅನಿಲ ಹೊರಬರುವಂತಿಲ್ಲ. ಆದರೆ ರಸ್ತೆಗಿಳಿದ ಮೇಲೆ ಮಾಡಿಸುವ ಹೊಗೆ ತಪಾಸಣೆಯ ನಳಿಗೆ ಹೋಗುವುದು ಹಿಂದಿನ ಹೊಗೆಕೊಳವೆಗೆ ಮಾತ್ರ. ಬಾನೆಟ್ಟಿನ ಕೆಳಗೆ ಸೋರುವುದನ್ನು ಅದು ಅಳೆಯುವುದಿಲ್ಲ. ಪ್ರಮಾಣಪತ್ರ ಸಿಕ್ಕಿತೆಂಬುದು ಇಲ್ಲಿ ಯಾವ ಸಾಕ್ಷಿಯೂ ಅಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಚಾಲೂ ಇರುವ ಪೆಟ್ರೋಲ್ ಎಂಜಿನ್ ಇದ್ದರೆ ಇದನ್ನು ಅಳೆದೇ ನೋಡಬಹುದು. ಎಣ್ಣೆ ತುಂಬುವ ಬಾಯಿಗೆ ಮುಚ್ಚಳದ ಬದಲು ಕೊಳವೆ ತೂರಿಸಿದ ರಬ್ಬರ್ ಬಿರಡೆಯನ್ನು ಬಿಗಿಯಿರಿ. ಮೊದಲು ಕೊಳವೆಯ ತುದಿಗೆ ತೆಳುಕಾಗದ ಹಿಡಿಯಿರಿ. ಬಲವಾಗಿ ಸೆಳೆದರೆ ಕವಾಟ ಅತಿಯಾಗಿ ಎಳೆಯುತ್ತಿದೆ, ಅಲ್ಲಿಗೇ ನಿಲ್ಲಿಸಿ, ಇಲ್ಲವಾದರೆ ನೀರು ಎಂಜಿನ್ನಿಗೆ ಹೋದೀತು. ಮೆಲ್ಲನೆ ಸೆಳೆದರೆ ನೀರು ತುಂಬಿದ ಯು-ಕೊಳವೆ ಜೋಡಿಸಿ. ಐಡ್ಲಿಂಗ್‌ನಲ್ಲಿ ಎಂಜಿನ್ನಿನ ಕಡೆಯ ನೀರು ತುಸು ಮೇಲೇರಬೇಕು. ಕೆಳಗಿಳಿದರೆ ಕವಾಟ ಕಟ್ಟಿಕೊಂಡಿದೆ ಅಥವಾ ಉಂಗುರಗಳು ಸವೆದಿವೆ. ಯಾವುದೆಂದು ತಿಳಿಯಲು ಕವಾಟವನ್ನು ಹೋಸಿನ ಸಮೇತ ಬಳೆಯಿಂದ ಹೊರತೆಗೆದು ಬಾಯಿಗೆ ಹೆಬ್ಬೆರಳು ಇಡಿ. ಹೀರಿಕೆಯೇ ಇಲ್ಲವಾದರೆ ದೋಷ ಕವಾಟದ್ದು ಅಥವಾ ಹೋಸಿನದು. ಹೀರಿಕೆ ಚೆನ್ನಾಗಿದ್ದೂ ನೀರು ಕೆಳಗಿಳಿಯುತ್ತಿದ್ದರೆ ಉಂಗುರಗಳನ್ನೂ ಕವಾಟದ ಪಾರ್ಟ್ ನಂಬರನ್ನೂ ಪರಿಶೀಲಿಸಿ.