ಎರಡು ಕೋರ್ ಇದ್ದರೆ ಸಾಕೇ?

2005ರಲ್ಲಿ ಇಂಟೆಲ್‌ನ ಪೆಂಟಿಯಂ ಡಿ ಮತ್ತು ಎಎಂಡಿಯ ಅಥ್ಲಾನ್ 64 ಎಕ್ಸ್2 ಎಂಬ ಎರಡು ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಎರಡು ಘಟಕಗಳ, ಪ್ರೊಸೆಸರ್ ಚಿಪ್‌ಗಳು ಬೆನ್ನುಬೆನ್ನಿಗೆ ಬಂದವು. ಹೊಸ ಕಂಪ್ಯೂಟರ್ ಕೊಳ್ಳುವವರೆಲ್ಲ ಕೋರ್ ಎಣಿಸತೊಡಗಿದ್ದು ಆಗಿನಿಂದ. ಎಣಿಕೆಯಲ್ಲಿ ಎರಡು ದೊಡ್ಡದು ನಿಜ. ಆದರೆ ಆ ಎರಡನೆಯ ಕೋರ್ ಕಂಪನಿಗಳ ಔದಾರ್ಯದಿಂದ ಬಂದದ್ದಲ್ಲ. ಇಂಟೆಲ್‌ನ ಒಂಟಿ ಕೋರ್‌ನ ಪೆಂಟಿಯಂ 4ರ ವೇಗ 3.8 ಗಿಗಾಹರ್ಟ್ಸ್‌ಗೇ ನಿಂತಿತು. ವೇಗ ಹೆಚ್ಚಿದಷ್ಟೂ ಚಿಪ್ ಕಾಯುತ್ತಿತ್ತು. 4 ಗಿಗಾಹರ್ಟ್ಸ್ ಚಿಪ್ಪಿನ ಯೋಜನೆಯನ್ನು ಇಂಟೆಲ್ 2004ರಲ್ಲೇ ಕೈಬಿಟ್ಟಿತು. ಮೇಲೆ ಬೆಳೆಯಲಾಗದೆ ಪಕ್ಕಕ್ಕೆ ಬೆಳೆದದ್ದೇ ಡ್ಯುಯಲ್ ಕೋರ್.

ಲಾಭ ಯಾರಿಗೆ? ಹಿನ್ನೆಲೆಯಲ್ಲಿ ಆಂಟಿವೈರಸ್ ಜಾಲಾಡುತ್ತಿರುವಾಗಲೂ ಟೈಪಿಂಗ್ ತಡವರಿಸದಿರಲಿ ಎನ್ನುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ. ಒಂದೇ ಸಾಲಿನಲ್ಲಿ ಓಡುವಂತೆ ಬರೆದ ತಂತ್ರಾಂಶಕ್ಕೆ ಎರಡನೆಯ ಕೋರ್ ಕೆಲಸಕ್ಕೆ ಬಾರದು. ಒಂದೇ ಪಾತ್ರೆಯ ಸಾರಿಗೆ ಎರಡು ಒಲೆ ಹಚ್ಚಿದಂತೆ. ಅಂದಿನ ಹೆಚ್ಚಿನ ಗೇಮ್‌ಗಳು ಈ ಜಾತಿಯವೇ. ಕೆಲಸದ ಅರ್ಧ ಭಾಗವನ್ನಷ್ಟೇ ಹಂಚಲು ಸಾಧ್ಯವಿದ್ದರೆ ಎರಡು ಕೋರ್‌ಗಳಿಂದ ಉಳಿತಾಯವಾಗುವುದು ಕಾಲು ಭಾಗ ಸಮಯ ಮಾತ್ರ. ಹಾಗಾಗಿ 2.8 ಗಿಗಾಹರ್ಟ್ಸ್‌ನ ಪೆಂಟಿಯಂ ಡಿ, ಇಂಥ ಕೆಲಸದಲ್ಲಿ 3.8ರ ಪೆಂಟಿಯಂ 4ಕ್ಕಿಂತ ಹಿಂದೆಯೇ ಉಳಿಯುತ್ತಿತ್ತು.

ಡ್ಯುಯಲ್ ಕೋರ್‌ಗಳೆಲ್ಲ ಒಂದೇ ಅಲ್ಲ ಎಂಬುದು ಇನ್ನೂ ಮುಖ್ಯ. ಪೆಂಟಿಯಂ ಡಿಯಲ್ಲಿ ಎರಡು ಕೋರ್‌ಗಳು ಅಕ್ಕಪಕ್ಕ ಇದ್ದರೂ ಪರಸ್ಪರ ಮಾತಾಡಲು ಚಿಪ್ಪಿನ ಹೊರಗಿನ ದತ್ತಾಂಶದ ದಾರಿಯಾದ ಬಸ್ಸನ್ನೇ ಬಳಸಬೇಕಿತ್ತು. ಅಥ್ಲಾನ್ ಎಕ್ಸ್2 ಆ ಮಾತುಕತೆಯನ್ನು ಚಿಪ್ಪಿನೊಳಗೇ ಮುಗಿಸಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಎರಡೂ ಕೋರ್‌ಗಳಿಗೆ ಒಂದೇ ಎಲ್2 ಕ್ಯಾಶೆಯನ್ನು (ಚಿಪ್ಪಿನೊಳಗಿನ ವೇಗದ ಸ್ಮೃತಿಯನ್ನು) ಜಂಟಿಯಾಗಿ ಕೊಟ್ಟಿತು. ಒಂದು ಸುಮ್ಮನಿದ್ದರೆ ಇನ್ನೊಂದು ಅದನ್ನು ಪೂರ್ತಿ ಬಳಸಿಕೊಳ್ಳಬಹುದಿತ್ತು. ಇಂಟೆಲ್ ಈ ಚಿಪ್ಪಿಗೆ ನಿಗದಿ ಮಾಡಿದ ಶಾಖದ ಮಿತಿ 65 ವ್ಯಾಟ್. ಮೊದಲ ಪೆಂಟಿಯಂ ಡಿಗಳಲ್ಲಿ ವೇಗದವಕ್ಕೆ 130. ಕೋರ್ 2 ಡ್ಯುಯೊದ ಒಂದೊಂದು ಕೋರೂ ಹಳೆಯ ಪೆಂಟಿಯಂ ಕೋರ್‌ಗಿಂತ ಕಸುವುಳ್ಳದ್ದು. ಗಿಗಾಹರ್ಟ್ಸ್ ಕಡಿಮೆಯಿದ್ದರೂ ಅದು ಗೆದ್ದದ್ದು ಇದರಿಂದಲೇ.

ಡ್ಯುಯಲ್ ಕೋರ್ ಸರಿಯಾದ ದಾರಿಯೇ, ಆದರೆ ಅದರಲ್ಲಿ ಇಂಟೆಲ್‌ನ ಮೊದಲ ಫಸಲು ಅವಸರದ್ದು. ಪೆಂಟಿಯಂ ಡಿ ಆ ಅವಸರದ ಕೂಸು. ಕೋರ್ 2 ಡ್ಯುಯೊ ನಿಜವಾದ ಉತ್ತರ. ಇಂದು ಎಂಟು ಕೋರ್‌ಗಳ ಜಾಹೀರಾತು ಕಂಡಾಗಲೂ ಮೊದಲು ಕೇಳಬೇಕಾದ್ದು ಒಂದೊಂದು ಕೋರ್ ಎಷ್ಟು ಗಟ್ಟಿ ಎಂದು. ಎಷ್ಟು ಕೋರ್ ಎಂಬುದು ಆಮೇಲಿನ ಪ್ರಶ್ನೆ.